ಹುಳು ಮನೆಯ ಹದಿನೆಂಟು ದಿನ

ಮೈದುನನ ಹುಳು ಮನೆಯಲ್ಲಿ, ಬಾಗಿಲ ಪಕ್ಕದ ಎರಡು ಸ್ಟ್ಯಾಂಡಿನ ರೇಷ್ಮೆ ಹುಳುಗಳು ಒಂದು ಬೆಳಿಗ್ಗೆ ಸೊಪ್ಪು ಮುಟ್ಟಲಿಲ್ಲ. ಮೂರನೇ ಜ್ವರ ಎದ್ದು ಎರಡು ದಿನವಾಗಿತ್ತು. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಊಟ ಬಿಟ್ಟು ಒಂದು ದಿನ ಸುಮ್ಮನೆ ಕೂತು ಹಳೇ ಚರ್ಮ ಕಳಚುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ಎದ್ದ ಮೇಲೆ ಅವಕ್ಕೆ ಎಲ್ಲಿಲ್ಲದ ಹಸಿವು. ಆದರೆ ಆ ಬೆಳಿಗ್ಗೆ ಅವು ತಲೆ ಎತ್ತಿಕೊಂಡು ಅತ್ತಿಂದಿತ್ತ ತೂಗುತ್ತಿದ್ದವು. ಕೆಲವುಗಳ ಬಾಯಿಂದ ಕಂದು ಬಣ್ಣದ ನೀರು ಬರುತ್ತಿತ್ತು.

"ಅತ್ಗೆ, ಒಸಿ ಬನ್ನಿ ಇಲ್ಲಿ" ಎಂದು ಮೈದುನ ಕರೆದ. ಔಷಧಿ ಡಬ್ಬದ ಮೇಲಿನ ಇಂಗ್ಲಿಷ್ ಓದಬೇಕಾದಾಗ ಮಾತ್ರ ಅವನಿಗೆ ನಾನು ಬೇಕು. ಈ ಸಲ ಡಬ್ಬ ತೋರಿಸಲಿಲ್ಲ. ಬಗ್ಗಿ ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡು ನೋಡಿದ. "ಹೊಗೆಸೊಪ್ಪಿಂದು ಕಣತ್ಗೆ ಇದು. ಯಾರೋ ಹೊಗೆಸೊಪ್ಪಿನ ಕೈಯಾಗೆ ಸೊಪ್ಪು ಹಾಕವ್ರೆ."

ಚನ್ನಪಟ್ಟಣದ ಸುತ್ತ ಹುಳು ಸಾಕುವ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು: ಹೊಗೆಸೊಪ್ಪಿಗೂ ರೇಷ್ಮೆ ಹುಳುವಿಗೂ ಆಗುವುದಿಲ್ಲ. ಬೀಡಿ ಸೇದಿದವನು ಹುಳು ಮನೆಯ ಹೊಸ್ತಿಲು ದಾಟುವಂತಿಲ್ಲ. ಹೊಗೆಸೊಪ್ಪಿನ ಗಿಡ ಪಕ್ಕದ ಹೊಲದಲ್ಲಿದ್ದರೂ ಹಿಪ್ಪುನೇರಳೆ ಎಲೆ ಕೆಡುತ್ತದೆ ಎನ್ನುತ್ತಾರೆ. ಹಾಗಾಗಿ ಮೈದುನ "ಯಾರೋ" ಅಂದಾಗ ಅಲ್ಲಿದ್ದವರೆಲ್ಲರ ಕಣ್ಣೂ ಒಂದೇ ಕಡೆ ಹೋಯಿತು.

ಅಲ್ಲಿ ಬಾಗಿಲಾಚೆ ಸೊಪ್ಪಿನ ಹೊರೆ ಇಳಿಸಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದವಳು ನಮ್ಮ ತೋಟದಲ್ಲಿ ಮೂವತ್ತು ವರ್ಷದಿಂದ ಸೊಪ್ಪು ಕೊಯ್ಯುವವಳು. ನನಗಿಂತ ಎರಡೋ ಮೂರೋ ವರ್ಷ ಚಿಕ್ಕವಳು. ಮನೆಯ ಮಕ್ಕಳು ಅವಳನ್ನು ಸೊಪ್ಪಜ್ಜಿ ಅನ್ನುತ್ತಾರೆ. ಸೊಂಟದಲ್ಲಿ ಎಲೆ ಅಡಿಕೆ, ಹೊಗೆಸೊಪ್ಪಿನ ಕಡ್ಡಿಪುಡಿಯ ಚೀಲ, ಬಾಯಿ ಯಾವಾಗಲೂ ಆಡುತ್ತಲೇ ಇರುತ್ತದೆ. ಆ ಬೆಳಿಗ್ಗೆಯೂ ಆಡುತ್ತಿತ್ತು.

"ಏನವ್ವಾ, ಬಾಯಲ್ಲಿ ಅದನ್ನ ಇಟ್ಕೊಂಡು ಒಳಕ್ಕೆ ಬಂದಿದ್ಯಾ ನೀನು?" ಎಂದ ಮೈದುನ.

"ನಾನು ಒಳಕ್ಕೆ ಬಂದಿಲ್ಲ ಕಣಪ್ಪ. ಬಂದ್ರೂ ನನ್ ಕೈಲಿ ಅಂಥದ್ದೇನೂ ಇಲ್ಲ."

"ಬಾಯಿ ಆಡ್ತಾ ಐತಲ್ಲ, ಕಾಣಕ್ಕಿಲ್ವಾ ನಂಗೆ?"

ಅವಳು ಏನೋ ಹೇಳಲು ಹೊರಟವಳು ನನ್ನ ಮುಖ ನೋಡಿದಳು. ನಾನು ಏನಾದರೂ ಅನ್ನಬಹುದು ಅಂದುಕೊಂಡಿರಬೇಕು. ನಾನು ಅನ್ನಲಿಲ್ಲ. ಅವಳು ಕುಡುಗೋಲನ್ನು ಗೋಡೆಗೆ ಒರಗಿಸಿ, ಹಗ್ಗ ಸುತ್ತಿಟ್ಟು, ಹೊರಟುಹೋದಳು. ಬಾಗಿಲ ಬಳಿ ನನ್ನ ಮೊಮ್ಮಗಳು ನಿಂತಿದ್ದಳು. ಸರಿದು ಸೊಪ್ಪಜ್ಜಿಗೆ ದಾರಿ ಬಿಟ್ಟಳು.

ಮೊಮ್ಮಗಳು ಅಂದರೆ ಮಗಳ ಮಗಳು. ಮಗಳು, ಅಳಿಯ ಇರುವುದು ಕನಕಪುರದಲ್ಲಿ. ಹುಡುಗಿ ರಾಮನಗರದಲ್ಲಿ ಬಿ.ಕಾಂ. ಓದುತ್ತಿದ್ದಾಳೆ, ಇಲ್ಲಿಂದಾದರೆ ಚನ್ನಪಟ್ಟಣಕ್ಕೆ ಆಟೋ, ಅಲ್ಲಿಂದ ರೈಲು, ಸಲೀಸು ಎಂದು ಎರಡು ವರ್ಷದಿಂದ ನನ್ನ ಜೊತೆ. ಹತ್ತೊಂಬತ್ತು ತುಂಬಿದೆ. ಆಗ ಅವಳಿಗೆ ಪರೀಕ್ಷೆ ಮುಗಿದ ರಜೆ. ಚಿಕ್ಕ ತಾತನ ಹುಳುಗಳಿಗೆ ಸೊಪ್ಪು ಹಾಕುವುದಕ್ಕೆ ತಾನೇ ಖುಷಿಯಿಂದ ಹೋಗುತ್ತಿದ್ದಳು. ಬಾಗಿಲ ಪಕ್ಕದ ಎರಡು ಸ್ಟ್ಯಾಂಡು ಅವಳದೇ ಪಾಲು.

ಇದನ್ನು ಆ ಬೆಳಿಗ್ಗೆ ಯಾರೂ ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ.

ಮಾರನೇ ದಿನ ಬಟ್ಟೆ ನೆನೆಹಾಕುವಾಗ ಮೊಮ್ಮಗಳು ಹುಳು ಮನೆಗೆಂದೇ ಇಟ್ಟುಕೊಂಡಿದ್ದ ಹಳೇ ಕಾಟನ್ ಶರ್ಟಿನ ಜೇಬು ನೋಡಿದೆ. ಅದು ಹಾಸ್ಟೆಲಿನಲ್ಲಿ ಕಲಿತ ಅಭ್ಯಾಸ. ಮೈಸೂರಿನ ಕಾನ್ವೆಂಟಿನಲ್ಲಿ ಜೇಬು ನೋಡದೆ ಬಟ್ಟೆ ಹಾಕಿದರೆ ಸಿಸ್ಟರ್ ಒಬ್ಬರು ಇಡೀ ಬಕೆಟ್ಟನ್ನೇ ಮಗುಚುತ್ತಿದ್ದರು. ಜೇಬಿನಲ್ಲಿ ಬೆರಳುದ್ದದ, ತಿಳಿ ಹಸಿರು ಬಣ್ಣದ ಒಂದು ನಯವಾದ ವಸ್ತು ಇತ್ತು. ಒಂದು ತುದಿ ಅಂಟಂಟು. ಜೇಬಿನ ಒಳಬಟ್ಟೆಯೂ ಅಂಟು. ಮೂಗಿನ ಹತ್ತಿರ ತಂದರೆ ಮಾವಿನಹಣ್ಣು, ಜೊತೆಗೆ ಪೆಪ್ಪರ್‌ಮಿಂಟು.

ಆ ವಾಸನೆ ನನಗೆ ಹೊಸದಲ್ಲ. ಒಂದು ವರ್ಷದಿಂದ ಬಾತ್‌ರೂಮಿನಲ್ಲಿ, ಅವಳ ದುಪಟ್ಟಾದಲ್ಲಿ, ದಿಂಬಿನಲ್ಲಿ ಇದೇ ವಾಸನೆ. ಈಗಿನ ಹುಡುಗಿಯರ ಬಾಡಿ ಮಿಸ್ಟ್ ಅಂದುಕೊಂಡಿದ್ದೆ. ಒಮ್ಮೆ "ಹೌ ನೈಸ್, ಯಾವ ಬ್ರ್ಯಾಂಡಮ್ಮ ಇದು?" ಎಂದು ಕೇಳಿಯೂ ಇದ್ದೆ. ಅವಳು ನಕ್ಕು ಸುಮ್ಮನಾಗಿದ್ದಳು. ಆ ನಗುವನ್ನು ಈಗಲೂ ನೆನೆಸಿಕೊಂಡರೆ ನನಗೆ ನನ್ನ ಮೇಲೇ ಬೇಸರವಾಗುತ್ತದೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ಹಿಂದಿನ ಬೆಂಚಿನಲ್ಲಿ ಚೀಟಿ ಕೈ ಬದಲಾದರೆ ಬೋರ್ಡಿನ ಕಡೆ ತಿರುಗಿದ್ದರೂ ತಿಳಿಯುತ್ತಿತ್ತು ನನಗೆ.

ಮಂಚದ ಮೇಲೆ ಅದನ್ನಿಟ್ಟು ಅವಳನ್ನು ಕರೆದೆ.

"ಏನಿದು?"

"ವೇಪ್ ಅಜ್ಜಿ." ಅಳಲಿಲ್ಲ, ಹೆದರಲೂ ಇಲ್ಲ. "ಸಿಗರೇಟಲ್ಲ. ಹೊಗೆ ಇರಲ್ಲ. ಬರೀ ಆವಿ. ಫ್ಲೇವರ್."

"ಫ್ಲೇವರಿಗೆ ಜೇಬಲ್ಲಿ ಯಾಕೆ ಹೊತ್ಕೊಂಡು ತಿರುಗಬೇಕು? ಮಾವಿನಹಣ್ಣು ತಿನ್ನು."

"ಅದರಲ್ಲಿ ಒಂಚೂರು ನಿಕೋಟಿನ್…" ಎಂದವಳು ಅಲ್ಲಿಗೇ ನಿಂತಳು. ಶರ್ಟನ್ನು ನೋಡಿದಳು. ತನ್ನ ಬೆರಳುಗಳನ್ನು ನೋಡಿಕೊಂಡಳು. "ಅಜ್ಜಿ, ನಿಕೋಟಿನ್ ಅಂದ್ರೆ ಹೊಗೆಸೊಪ್ಪಿಂದೇ ಅಲ್ವಾ?"

ಆಮೇಲೆ ಅಳು ಬಂತು.

ಸುರುವಾಗಿದ್ದು ಒಬ್ಬ ಗೆಳತಿಯ ಬರ್ತ್‌ಡೇ ದಿನವಂತೆ. ಮಾರಬಾರದೆಂದು ಕಾನೂನಿದ್ದರೂ ಬೆಂಗಳೂರಿಂದ ಯಾರೋ ತರುತ್ತಾರಂತೆ. ಮೊದಮೊದಲು ರೈಲಿನಲ್ಲಿ, ಆಮೇಲೆ ಓದುವಾಗ, ಆಮೇಲೆ ಬೆಳಿಗ್ಗೆ ಕಣ್ಣುಬಿಟ್ಟ ಕೂಡಲೇ. ಹುಳು ಮನೆಯೊಳಗೆ ಒಂದು ಸಲವೂ ಎಳೆದಿಲ್ಲ ಎಂದು ಆಣೆ ಹಾಕಿದಳು. ಎಳೆಯಬೇಕಾಗಿರಲಿಲ್ಲ. ಜೇಬಿನಲ್ಲಿ ಸೋರಿತ್ತು, ಅದೇ ಕೈಯಲ್ಲಿ ಸೊಪ್ಪು ಹಾಕಿದ್ದಳು.

ಆಗ ನಾನು ಮಾಡಿದ ಕೆಲಸವನ್ನು ಇಲ್ಲಿ ಬರೆಯದೆ ವಿಧಿಯಿಲ್ಲ. "ಯಾರಿಗೂ ಹೇಳಬೇಡ" ಎಂದೆ. "ಇದು ನಿನ್ನ ನನ್ನ ನಡುವೆ ಇರಲಿ. ಬಿಟ್ಟುಬಿಡು, ಅಷ್ಟೆ. ಅವರಿಗೆಲ್ಲ ಗೊತ್ತಾಗೋ ಅವಶ್ಯಕತೆ ಏನೂ ಇಲ್ಲ." ಕಾನ್ವೆಂಟು ನನಗೆ ಕಲಿಸಿದ ದೊಡ್ಡ ಗುಣ ಡಿಸ್ಕ್ರೀಷನ್. ಯಾರ ತಪ್ಪನ್ನೂ ಹಜಾರದಲ್ಲಿ ಹರಡಬಾರದು. ಹುಡುಗಿಗೆ ನಾಳೆ ಒಂದು ಸಂಬಂಧ ಬಂದರೆ, ಊರಲ್ಲಿ ನಾಲ್ಕು ಜನ ಏನೇನು ಅನ್ನಬಹುದು, ಎಲ್ಲವೂ ಒಂದು ಕ್ಷಣದಲ್ಲಿ ಕಣ್ಣಮುಂದೆ ಬಂತು. ಸೊಪ್ಪಜ್ಜಿ ಮಾತ್ರ ಬರಲಿಲ್ಲ. ಬಂದಿರಬಹುದು. ಆಚೆಗೆ ತಳ್ಳಿದೆ ಅಂತ ಬರೆಯುವುದು ಹೆಚ್ಚು ಸರಿ.

ಎರಡು ಸ್ಟ್ಯಾಂಡಿನಲ್ಲಿ ಅರ್ಧ ಹುಳು ಹೊಸ ಸೊಪ್ಪು, ಗಾಳಿಗೆ ಚೇತರಿಸಿಕೊಂಡವು. ಉಳಿದವನ್ನು ಮೈದುನ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದ. ಸೊಪ್ಪಜ್ಜಿ ಮತ್ತೆ ಕೆಲಸಕ್ಕೆ ಬರಲಿಲ್ಲ.

ಆಮೇಲಿನ ಒಂದು ತಿಂಗಳು ನನ್ನ ಟೀಚರಿಕೆ. ಆ ಹಸಿರು ವಸ್ತುವನ್ನು ಕಲ್ಲಿನಿಂದ ಜಜ್ಜಿದೆ. ಹಾಗೆ ಮಾಡಬಾರದು, ಒಳಗೆ ಬ್ಯಾಟರಿ ಇರುತ್ತದೆ, ಬೆಂಕಿ ಹತ್ತಬಹುದು ಎಂದು ಅವಳೇ ಓಡಿಬಂದು ಕಸಿದುಕೊಂಡಳು. ಒಂದು ನೋಟ್‌ಬುಕ್ಕಿನಲ್ಲಿ ಟೈಮ್‌ಟೇಬಲ್ ಹಾಕಿ, ಎಳೆಯದ ದಿನಕ್ಕೆ ಒಂದು ಟಿಕ್ ಮಾರ್ಕ್ ಎಂದೆ. ಐದು ಟಿಕ್ ಬಿದ್ದವು. ಐದೂ ಸುಳ್ಳು. ಶ್ವಾಸಕೋಶದ ಮೇಲೆ ಲೆಕ್ಚರ್ ಕೊಟ್ಟೆ. ಬ್ಯಾಗು ತಡಕಿದೆ. ಒಂದು ದಿನ ಹಳೇ ಜಾಮೆಟ್ರಿ ಬಾಕ್ಸಿನಲ್ಲಿ ಇನ್ನೊಂದು ಸಿಕ್ಕಿತು, ಈ ಸಲ ಗುಲಾಬಿ ಬಣ್ಣದ್ದು.

"ನೀವು ನಿಮ್ಮ ಹಾಸ್ಟೆಲ್ ವಾರ್ಡನ್ ಥರ ಆಡ್ತಿದೀರಿ" ಎಂದಳು.

"ಆಕೆಯಿಂದಲೇ ನಾನು ಮನುಷ್ಯಳಾದದ್ದು."

"ಆಕೆಗೆ ಗೊತ್ತಾಗದ ಹಾಗೆ ನೀವು ಏನೇನು ಮಾಡಿದ್ರಿ ಅಂತ ನೀವೇ ನಂಗೆ ಕಥೆ ಹೇಳಿದೀರಲ್ಲ ಅಜ್ಜಿ!"

ನನಗೆ ಎಪ್ಪತ್ತನಾಲ್ಕು. ಈ ವಯಸ್ಸಿನಲ್ಲಿ ಹೊಸ ಚಟವೊಂದರ ಹೆಸರು ಕಲಿತು, ಅದರ ಬಣ್ಣ ಕಲಿತು, ಅದು ಅಡಗುವ ಜಾಗಗಳನ್ನೂ ಕಲಿಯುವುದು ಸುಸ್ತು ಮಾಡುವ ಕೆಲಸ. ಮಧ್ಯಾಹ್ನ ಊಟ ಮಾಡಿ ಒರಗಿದರೆ ನಿದ್ದೆಯಲ್ಲೂ ಬ್ಯಾಗ್ ತಡಕುತ್ತಿದ್ದೆ.

ಕೊನೆಗೆ ರಾಮನಗರದ ಆಸ್ಪತ್ರೆಯಲ್ಲಿ ಚಟ ಬಿಡಿಸುವ ಒಬ್ಬ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದೆ. ಸಣ್ಣ ವಯಸ್ಸಿನ ಹೆಣ್ಣುಮಗಳು, ನನ್ನ ಶಿಷ್ಯೆಯರ ಮಕ್ಕಳ ಓರಗೆಯವಳಿರಬೇಕು. ಬೈಯಲಿಲ್ಲ, ಲೆಕ್ಚರ್ ಕೊಡಲಿಲ್ಲ. ದಿನದಲ್ಲಿ ಯಾವ ಯಾವ ಹೊತ್ತಿಗೆ ಬೇಕೆನಿಸುತ್ತದೆ, ಆಗ ಎಲ್ಲಿರುತ್ತೀಯ, ಯಾರ ಜೊತೆಗಿರುತ್ತೀಯ ಎಂದು ಕೇಳಿ ಬರೆದುಕೊಂಡಳು. ಬೇಕಾದರೆ ನಿಕೋಟಿನ್ ಗಮ್ ಬರುತ್ತದೆ, ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸಬಹುದು ಎಂದಳು. ಕೊನೆಗೆ ಕೇಳಿದಳು: "ಮನೇಲಿ ಯಾರ್ಯಾರಿಗೆ ಗೊತ್ತು?"

"ಅಜ್ಜಿಗೆ."

"ಅಷ್ಟೇನಾ?"

ಹುಡುಗಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿದ್ದ ಲಸಿಕೆಯ ಚಾರ್ಟ್ ಓದುತ್ತಿದ್ದೆ.

ವಾಪಸು ಬರುವಾಗ ರೈಲಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇದ್ದಳು. ಇಳಿಯುವ ಮುಂಚೆ ಹೇಳಿದಳು: "ಪ್ರತಿ ಸಲ ಎಳೆದಾಗಲೂ ಸೊಪ್ಪಜ್ಜಿ ನೆನಪಾಗ್ತಾರೆ ಅಜ್ಜಿ. ಕುಡುಗೋಲು ಒರಗಿಸಿ ಹೋದ್ರಲ್ಲ, ಅದು. ನೆನಪಾದ್ರೆ ಸಂಕಟ ಆಗುತ್ತೆ. ಸಂಕಟ ಆದ್ರೆ ಮತ್ತೆ ಎಳೀತೀನಿ. ನೀವು ಯಾರಿಗೂ ಹೇಳಬೇಡ ಅಂದಿದ್ದು ನನಗೋಸ್ಕರ ಅಂತ ಗೊತ್ತು. ಆದ್ರೆ ನಂಗೆ ಅದು ಹೆಲ್ಪ್ ಆಗ್ತಿಲ್ಲ."

ಸ್ಟೇಷನ್ನಿನಿಂದ ಆಟೋ ಊರೊಳಗೆ ಬಂದಾಗ ಅವಳು ನಮ್ಮ ಮನೆಯ ಮುಂದೆ ಇಳಿಯಲಿಲ್ಲ. "ಅಣ್ಣ, ಇನ್ನೊಂಚೂರು ಮುಂದೆ" ಎಂದಳು. ಆಗಲೂ ನಾನು ಬೇಡ ಎನ್ನಬಹುದಿತ್ತು. ಎನ್ನುವಷ್ಟು ಶಕ್ತಿ ಇರಲಿಲ್ಲ. ದೇವರ ದಯೆ.

ಸೊಪ್ಪಜ್ಜಿ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ರಾಗಿ ಕೇರುತ್ತಿದ್ದಳು. ನಮ್ಮನ್ನು ಕಂಡು ಎದ್ದು ನಿಲ್ಲಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ.

"ಏನವ್ವಾ ದೊಡ್ಡಮ್ಮಾರು, ದಾರಿ ತಪ್ಪುಬುಡ್ತಾ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿಬಿಟ್ಟಳು. ಜಗುಲಿಯ ಕೆಳಗೆ ನಿಂತೇ, ಒಂದೇ ಉಸಿರಿನಲ್ಲಿ. ನಾನೇ ಮಾಡಿದ್ದು ಸೊಪ್ಪಜ್ಜಿ, ಹೊಗೆಸೊಪ್ಪಿಂದು ನನ್ನ ಜೇಬಲ್ಲಿತ್ತು, ಸೋರಿತ್ತು, ಆಮೇಲೆ ಗೊತ್ತಾಯ್ತು, ಹೇಳಲಿಲ್ಲ. ಅಜ್ಜಿ ಹೇಳಬೇಡ ಅಂದದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ನಾನೇ ಸೇರಿಸಿದೆ.

ಸೊಪ್ಪಜ್ಜಿ ಮೊರ ಕೆಳಗಿಟ್ಟಳು. "ಹೆಣ್ಮಕ್ಳೂ ಸೇದ್ತಾವಾ ಈಗ?"

"ಸೇದೋದಲ್ಲ… ಹೂಂ. ಸೇದ್ತೀವಿ."

"ಹೂವಿನ ವಾಸ್ನೆ ಬತ್ತದಾ ಅದ್ರಾಗೆ?"

"ಮಾವಿನಹಣ್ಣು."

"ಅಯ್ಯೋ ನಿನ್ನ! ಮಾವಿನಹಣ್ಣು ಇಕ್ಕಿ ಹೊಗೆಸೊಪ್ಪು ಮಾರ್ತಾವ್ರಲ್ಲ ಮುಂಡೇವು." ಅವಳಿಗೆ ನಗು ಬಂತು. ನಕ್ಕಾದ ಮೇಲೆ ನನ್ನ ಕಡೆ ತಿರುಗಿದಳು. ನಗು ಹೋಗಿತ್ತು. "ಹುಳ ಬಂದಾಗ ನಾನು ಕಡ್ಡಿಪುಡಿ ಮುಟ್ಟಕ್ಕಿಲ್ಲ ದೊಡ್ಡಮ್ಮಾರೆ. ಚಾಕಿ ಹುಳ ನಿಮ್ಮನೆಗೆ ಬಂದ ದಿನ್ವೇ ಚೀಲ ಬಿಚ್ಚಿ ಸೂರಿಗೆ ಸಿಕ್ಕುಸ್ಬುಡ್ತೀನಿ. ಹುಳ ಗೂಡು ಕಟ್ಟಕ್ಕೆ ಚಂದ್ರಿಕೆಗೆ ಹತ್ತಿದ್ ಮ್ಯಾಲೇ ಇಳ್ಸೋದು. ನಮ್ಮತ್ತೆ ಹಂಗೇ ಮಾಡೋಳು, ನಾನೂ ಹಂಗೇ."

"ಬಾಯಿ ಆಡ್ತಿತ್ತಲ್ಲ?" ಎಂದೆ, ಮೈದುನನ ಹಾಗೆಯೇ.

ಅವಳು ಸೊಂಟದ ಗಂಟು ಬಿಚ್ಚಿ ತೋರಿಸಿದಳು. ಅವತ್ತಿನಿಂದ ಉಳಿದ ಹುರಿದ ಹುಣಸೆಬೀಜ. ಸಿಪ್ಪೆ ತೆಗೆದ, ಕಲ್ಲಿನಂಥ ಬೀಜಗಳು. ಒಂದನ್ನು ದವಡೆಗೆ ಇಟ್ಟರೆ ಒಂದು ಗಂಟೆ ನೆನೆಯುತ್ತಾ ಕೂರುತ್ತದೆ.

ಮೂವತ್ತು ವರ್ಷ. ವರ್ಷಕ್ಕೆ ಐದೋ ಆರೋ ಬೆಳೆ. ಎರಡು ಜ್ವರ ಮುಗಿಸಿದ ಮರಿಯಾಗಿ, ಅಂದರೆ ಚಾಕಿಯಾಗಿ ಹುಳು ಬಂದಲ್ಲಿಂದ ಗೂಡು ಕಟ್ಟುವವರೆಗೆ, ಪ್ರತಿ ಬೆಳೆಗೂ ಹದಿನೆಂಟು ದಿನ ಆಕೆ ತನ್ನ ಚಟ ಬಿಟ್ಟು ನಮ್ಮ ಮನೆಯಲ್ಲಿ ಸೊಪ್ಪು ಕೊಯ್ದಿದ್ದಾಳೆ. ದಿನಾ ಎರಡು ಹೊತ್ತು ಅವಳಿಗೆ ಕಾಫಿ ಕೊಟ್ಟವಳು ನಾನು. ಬಾಯಲ್ಲಿ ಏನಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

"ಹೇಳ್ಬಾರದಾಗಿತ್ತಾ ಅವತ್ತು?" ಎಂದೆ.

"ಯಾರು ಕೇಳುದ್ರು?"

ಹುಡುಗಿ ಆಗಲೇ ಜಗುಲಿ ಹತ್ತಿ ಅವಳ ಪಕ್ಕ ಕೂತಿದ್ದಳು. "ಹದಿನೆಂಟು ದಿನ ಹೆಂಗೆ ಇರ್ತೀರಾ ಸೊಪ್ಪಜ್ಜಿ?" ಎಂದು ಕೇಳಿದಳು. ಕೌನ್ಸೆಲರ್ ಮುಂದೆ ಕೂಡ ಅವಳ ದನಿಯಲ್ಲಿ ಆ ಆಸಕ್ತಿ ನಾನು ಕಂಡಿರಲಿಲ್ಲ.

"ಹೆಂಗೆ ಅಂದ್ರೆ? ಮೂರ್ ದಿನ ತಲೆ ಸಿಡಿತದೆ. ಎಲ್ರ ಮ್ಯಾಲೂ ಎಗರಾಡ್ತೀನಿ. ನನ್ ಸೊಸೆ ಆ ಮೂರ್ ದಿನ ನನ್ ಕಣ್ಣಿಗೆ ಬೀಳಕ್ಕಿಲ್ಲ. ನಾಕನೇ ದಿನ ಒಸಿ ವಾಸಿ. ಬೆಳಿಗ್ಗೆ ಎದ್ದೇಟ್ಗೆ ಕೈ ಖಾಲಿ ಇಕ್ಕೋಬಾರ್ದು ಕಣವ್ವ. ಎದ್ದೇಟ್ಗೆ ಕುಡುಗೋಲು ಹಿಡೀಬೇಕು."

"ನಂದು ಬೆಳಿಗ್ಗೇನೇ ಕಷ್ಟ."

"ಎಲ್ರುದೂ ಬೆಳಿಗ್ಗೇನೇ."

ಮೈದುನನಿಗೆ ಹೇಳಿದ್ದು ಅದೇ ಸಂಜೆ. ಅವನು ಪೂರ್ತಿ ಕೇಳಿದ. ಹುಡುಗಿಗೆ ಏನೂ ಅನ್ನಲಿಲ್ಲ. "ನೀವು ಅಷ್ಟೊಂದು ಇಂಗ್ಲಿಷ್ ಓದಿದ್ದು ಇದ್ಕಾ ಅತ್ಗೆ?" ಎಂದು ನನ್ನನ್ನು ಕೇಳಿ ಎದ್ದುಹೋದ. ಆ ಮಾತು ಇನ್ನೂ ಎಲ್ಲೋ ಚುಚ್ಚಿಕೊಂಡೇ ಇದೆ. ಮಾರನೇ ಬೆಳಿಗ್ಗೆ ಅವನ ಬೈಕು ಸೊಪ್ಪಜ್ಜಿಯ ಮನೆ ಮುಂದೆ ನಿಂತಿತ್ತಂತೆ. "ಹತ್ತವ್ವಾ, ನಾಳಿದ್ದು ಚಾಕಿ ಹುಳ ಬತ್ತವೆ" ಎಂದನಂತೆ. "ಯಾಕೆ, ನಂಗೆ ಕಾಲಿಲ್ವಾ?" ಎಂದು ಅವಳು ನಡೆದೇ ಹೊರಟಳು. ಅವನೂ ಇಳಿದು ಬೈಕು ತಳ್ಳಿಕೊಂಡು ಅವಳ ಪಕ್ಕದಲ್ಲೇ ನಡೆದು ಬಂದ. ಕ್ಷಮಿಸು ಅನ್ನುವ ಪದ ಅವನ ಬಾಯಲ್ಲಿ ನಾನು ಕೇಳಿಲ್ಲ. ಅಷ್ಟು ದೂರ ಬೈಕು ತಳ್ಳಿದ್ದನ್ನು ಊರೆಲ್ಲ ನೋಡಿತು.

ಮಗಳಿಗೂ ಫೋನ್ ಮಾಡಿ ಹೇಳಿದೆವು. ಕನಕಪುರದಿಂದ ಬಂದ ಬೈಗಳನ್ನು ಇಲ್ಲಿ ಬರೆಯುವುದಿಲ್ಲ. ಮುಕ್ಕಾಲು ಪಾಲು ನನ್ನ ಹೆಸರಿಗೇ ಇತ್ತು.

ಹುಡುಗಿ ಗಮ್ ಬೇಡ ಎಂದಳು. "ಅದರಲ್ಲೂ ನಿಕೋಟಿನ್ ಇದೆ, ಹುಳು ಮನೆಗೆ ಆಗಲ್ಲ." ಕೌನ್ಸೆಲರಿಗೆ ಫೋನ್ ಮಾಡಿ ಕೇಳಿದಳು, ತೀರಾ ಕಷ್ಟವಾದರೆ ಹುಳುವಿನ ಕೆಲಸ ಬಿಡು, ಗಮ್ ತಗೋ, ಮುಚ್ಚಿಡಬೇಡ ಎಂದರಂತೆ. ಚಾಕಿ ಹುಳು ಬಂದ ದಿನ ಗುಲಾಬಿ ಬಣ್ಣದ್ದನ್ನು ತಾನೇ ಒಯ್ದು ರಾಮನಗರದಲ್ಲಿ ಹಳೇ ಬ್ಯಾಟರಿ ತೆಗೆದುಕೊಳ್ಳುವವರಿಗೆ ಕೊಟ್ಟು ಬಂದಳು. ಸೊಪ್ಪಜ್ಜಿ ಚೀಲವನ್ನು ಸೂರಿಗೆ ಸಿಕ್ಕಿಸಿದಳು.

ಮೊದಲ ಮೂರು ದಿನ ಆ ಹುಳು ಮನೆಯ ಸುತ್ತ ಯಾರೂ ಸುಳಿಯುವ ಹಾಗಿರಲಿಲ್ಲ. ಒಂದು ಕಡೆ ಎಪ್ಪತ್ತರವಳು, ಇನ್ನೊಂದು ಕಡೆ ಹತ್ತೊಂಬತ್ತರವಳು, ಇಬ್ಬರಿಗೂ ತಲೆನೋವು, ಇಬ್ಬರಿಗೂ ಮೂಗಿನ ತುದಿಯಲ್ಲಿ ಸಿಟ್ಟು. ಕಾಫಿಗೆ ಸಕ್ಕರೆ ಕಮ್ಮಿ ಎಂದು ಸೊಪ್ಪಜ್ಜಿ ನನ್ನ ಮೇಲೆ ರೇಗಿದಳು. ಜಾಸ್ತಿ ಎಂದು ಮೊಮ್ಮಗಳು ರೇಗಿದಳು. ಒಂದೇ ಪಾತ್ರೆಯ ಕಾಫಿ.

"ಏಯ್, ಸೊಪ್ಪು ಹಂಗೆ ಗುಡ್ಡೆ ಹಾಕ್ತಾರೇನೇ? ಹುಳ ಉಸ್ರಾಡ್ಬೇಕು."

"ನಂಗೇ ಉಸಿರಾಡಕ್ಕಾಗ್ತಿಲ್ಲ ಸೊಪ್ಪಜ್ಜಿ, ಹುಳುವಿಂದು ಆಮೇಲೆ."

"ಬಾಯ್ಗೆ ಬೀಜ ಹಾಕ್ಕೊ. ಕಡೀಬ್ಯಾಡ, ಹಲ್ಲು ಹೋದಾತು. ಸುಮ್ನೆ ಇಕ್ಕೊ."

ಕಾಲೇಜು ಸುರುವಾಯಿತು. ಬೆಳಿಗ್ಗೆ ಐದೂವರೆಗೆ ಎದ್ದು ಒಂದು ಸಲ ಸೊಪ್ಪು ಹಾಕಿ, ಸ್ನಾನ ಮಾಡಿ ರೈಲಿಗೆ ಹೋಗುವುದು. ಒಂಬತ್ತನೇ ದಿನ ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು ಹುಳು ಮನೆಯ ಕಡೆ ಹೋಗಲಿಲ್ಲ. ತೋಟದ ಬದುವಿನ ಮೇಲೆ ಹೋಗಿ ಕೂತಳು. ನನಗೆ ತಿಳಿಯಿತು. ಬೇಸರ, ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಸುಸ್ತು. ಹೇಳಬೇಕಾದ ವಾಕ್ಯಗಳೆಲ್ಲ ಬಾಯಿಗೆ ಬಂದು ಸಾಲುಗಟ್ಟಿದವು, ಅಸೆಂಬ್ಲಿಯಲ್ಲಿ ನಿಂತ ಹಾಗೆ. ಅಷ್ಟರಲ್ಲಿ ಸೊಪ್ಪಜ್ಜಿ ಹೊರೆ ಇಳಿಸಿ ಅವಳ ಹತ್ತಿರ ಹೋದಳು.

"ಎಳುದ್ಯಾ?"

"ಎರಡು ಸಲ. ಫ್ರೆಂಡ್ ಕೊಟ್ಳು. ಬೇಡ ಅನ್ನಕ್ಕಾಗ್ಲಿಲ್ಲ."

"ಸರಿ. ಇವತ್ತು ಸೊಪ್ಪು ಮುಟ್ಬ್ಯಾಡ. ತಲೆಗೆ ನೀರು ಹಾಕ್ಕೊ, ಬಟ್ಟೆ ಬದ್ಲಾಯ್ಸು. ನಾಳೆ ಬಾ."

"ಅಷ್ಟೇನಾ?"

"ಇನ್ನೇನು? ಹುಳ ಏನೂ ಬಯ್ಯಕ್ಕಿಲ್ಲ. ಬರ್ಲಿಲ್ಲ ಅಂದ್ರೆ ಅವಕ್ಕೆ ಊಟ ಇಲ್ಲ, ಅಷ್ಟೇಯ."

ನನ್ನ ವಾಕ್ಯಗಳನ್ನೆಲ್ಲ ನುಂಗಿಕೊಂಡೆ. ಟೀಚರಾಗಿದ್ದಾಗ ಇಷ್ಟು ಚಿಕ್ಕ ಮಾತಿನಲ್ಲಿ ಒಂದು ಮಗುವನ್ನು ಮರಳಿ ಕ್ಲಾಸಿಗೆ ಕರೆದದ್ದು ನೆನಪಾಗಲಿಲ್ಲ. ಮಾರನೇ ಬೆಳಿಗ್ಗೆ ಐದೂವರೆಗೆ ಅವಳ ಅಲಾರಂ ಹೊಡೆಯಿತು. ಎದ್ದು ಹೋದಳು.

ಹದಿನೆಂಟನೇ ದಿನ ಹುಳುಗಳು ಹಣ್ಣಾಗಿ, ಮೈ ಹಳದಿ ಗಾಜಿನ ಹಾಗೆ ಹೊಳೆಯತೊಡಗಿದವು. ಒಂದೊಂದನ್ನೇ ಹೆಕ್ಕಿ ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗೆ ಬಿಡುವ ಕೆಲಸ. ಮೈದುನ, ಅವನ ಹೆಂಡತಿ, ಮನೆಯವರೆಲ್ಲ ಸೇರಿದೆವು. ಬಾಗಿಲ ಪಕ್ಕದ ಎರಡು ಸ್ಟ್ಯಾಂಡಿನಿಂದ ಹೆಕ್ಕಿದ್ದು ಹುಡುಗಿಯೇ. ಒಂದೂ ಸತ್ತಿರಲಿಲ್ಲ ಎಂದರೆ ಸುಳ್ಳಾದೀತು. ಯಾವ ಬೆಳೆಯಲ್ಲೂ ಹತ್ತಾರು ಸಾಯುತ್ತವೆ. ಆದರೆ ಯಾವುದೂ ತಲೆ ಎತ್ತಿ ತೂಗಲಿಲ್ಲ.

ಸಂಜೆ ಕೆಲಸ ಮುಗಿದ ಮೇಲೆ ಸೊಪ್ಪಜ್ಜಿ ಮನೆಗೆ ಹೋಗಿ ಬಂದಳು. ನಮ್ಮ ಜಗುಲಿಯ ಮೇಲೆ ಕಾಲು ನೀಡಿ ಕೂತು, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಚಿಟಿಕೆ ಕಡ್ಡಿಪುಡಿ ಉದುರಿಸಿ ದವಡೆಗಿಟ್ಟಳು. ಕಣ್ಣು ಮುಚ್ಚಿದಳು. ಹದಿನೆಂಟು ದಿನದಿಂದ ಬಿಗಿದಿದ್ದ ಮುಖ ಸಡಿಲವಾಯಿತು.

ಹುಡುಗಿ ಎದುರಿಗೇ ನಿಂತು ಅದನ್ನು ನೋಡುತ್ತಿದ್ದಳು. ಈ ಪದ್ಧತಿಯಲ್ಲಿ ಒಂದು ದೊಡ್ಡ ತೂತಿದೆ ಎಂದು ಆವರೆಗೆ ನನಗೆ ಹೊಳೆದೇ ಇರಲಿಲ್ಲ. ಬೆಳೆ ಮುಗಿದರೆ ಚೀಲ ಸೂರಿಂದ ಇಳಿಯುತ್ತದೆ.

"ನೀವೂ ಪೂರ್ತಿ ಬಿಟ್ಟುಬಿಡಿ ಸೊಪ್ಪಜ್ಜಿ" ಎಂದಳು ಹುಡುಗಿ.

"ನಂಗಾ? ನಾನು ಬುಡ್ಬೇಕು ಅಂದ್ರೆ ನಿಮ್ ಚಿಕ್ ತಾತ ವರ್ಷ ಪೂರ್ತಿ ಹುಳ ಮೇಯ್ಸಬೇಕಾಯ್ತದೆ." ಉಗುಳಿ ಬಂದು ಮತ್ತೆ ಕೂತಳು. "ನನ್ ನೋಡ್ಬ್ಯಾಡ ಮಗಾ. ನಾನು ಇಷ್ಟೇ ಕಲ್ತಿರದು, ಹದ್ನೆಂಟು ದಿನ. ಅದ್ರಾಚೆ ನಂಗೂ ಗೊತ್ತಿಲ್ಲ. ನೀನೇ ಕಲೀಬೇಕು."

ಮುಂದಿನ ಚಾಕಿ ಹುಳು ಬರುವುದಕ್ಕೆ ಒಂದು ತಿಂಗಳಿತ್ತು. ಹುಳು ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹೊಡೆದು, ಬಾಗಿಲು ಹಾಕಿದರು. ಬೆಳಿಗ್ಗೆ ಐದೂವರೆಗೆ ಅಲಾರಂ ಹೊಡೆದರೆ ಏಳುವುದಕ್ಕೆ ಕಾರಣವಿಲ್ಲ. ಹುಡುಗಿ ಎದ್ದು ಅಂಗಳದಲ್ಲಿ ಸುಮ್ಮನೆ ಓಡಾಡುತ್ತಿದ್ದಳು. ನಾನೂ ಎದ್ದು ಕೂರುತ್ತಿದ್ದೆ. ಅವಳ ಬ್ಯಾಗನ್ನು ಒಂದು ದಿನವೂ ಮುಟ್ಟಲಿಲ್ಲ. ಕೈ ತುರಿಸುತ್ತಿತ್ತು.

ಆ ತಿಂಗಳ ಎರಡನೇ ವಾರ, ಮಧ್ಯಾಹ್ನ ಮೂರೂವರೆ ಇರಬೇಕು, ನಾನು ಒರಗಿದ್ದೆ. ಫೋನ್ ಬಂತು. ಅವಳದೇ.

"ಅಜ್ಜಿ, ಸ್ಟೇಷನ್ನಲ್ಲಿದೀನಿ. ರೈಲು ಲೇಟು. ಆ ಫ್ರೆಂಡ್ಸೆಲ್ಲ ಇಲ್ಲೇ ಇದಾರೆ, ಬೆಂಚ್ ಹತ್ರ. ಒಬ್ಬಳ ಕೈಯಲ್ಲಿದೆ, ಪಾಸ್ ಮಾಡ್ತಿದಾರೆ. ನಾನು ಪ್ಲಾಟ್‌ಫಾರ್ಮಿನ ಕೊನೆಗೆ ಬಂದ್ಬಿಟ್ಟೆ. ಏನಾದ್ರೂ ಮಾತಾಡಿ."

"ಏನು ಮಾತಾಡಲಿ?"

"ಏನಾದ್ರೂ. ಬೈಯೋದು ಬಿಟ್ಟು."

ಎದ್ದು ಕೂತೆ. ಸೊಂಟ ಹಿಡಿದಿತ್ತು. ಎದುರಿಗೆ ಅಡಿಗೆಮನೆ ಕಂಡಿತು. ಬೆಳಿಗ್ಗೆ ಅವರೆಕಾಯಿ ತಂದಿದ್ದಾರೆ, ಅರ್ಧ ಸುಲಿದಿದ್ದೇನೆ ಎಂದೆ. ಹುಳುಕು ಜಾಸ್ತಿ ಎಂದೆ. ನಿನ್ನ ಚಿಕ್ಕಜ್ಜಿ ಸಾರಿಗೆ ಹುಳಿ ಜಾಸ್ತಿ ಹಾಕಿ ಕೆಡಿಸಿದ್ದಾಳೆ, ಹೇಳಿದರೆ ಮುಖ ಊದಿಸುತ್ತಾಳೆ ಎಂದೆ. ಆ ಕಡೆ ಉಸಿರು ಮಾತ್ರ ಕೇಳುತ್ತಿತ್ತು. ಇದ್ದೀಯೇನೆ ಎಂದೆ. "ಇದೀನಿ, ಹೇಳ್ತಾ ಇರಿ." ಸೀಮೆ ಹಸು ಗಬ್ಬ ನಿಂತಿದೆ ಎಂದು ಡಾಕ್ಟರ್ ಹೇಳಿದರು, ಕರೆಂಟು ಬೆಳಿಗ್ಗೆಯಿಂದ ಇಲ್ಲ, ನನ್ನ ಕನ್ನಡಕದ ಕಾಲು ಮತ್ತೆ ಸಡಿಲ. ಗಂಟಲು ಒಣಗಿತು. ನೀರಿನ ಲೋಟ ದೂರದಲ್ಲಿತ್ತು; ಎದ್ದರೆ ಮಾತು ತಪ್ಪಿಹೋದೀತೆಂದು ಏಳಲಿಲ್ಲ.

"ಬಂತು ಅಜ್ಜಿ ರೈಲು" ಎಂದಳು. "ಲೇಡೀಸ್ ಡಬ್ಬಕ್ಕೆ ಹತ್ತುತೀನಿ. ಹುಡುಗರೂ ಇದಾರಲ್ಲ, ಅವರು ಅದರಲ್ಲಿ ಬರಲ್ಲ."

"ಸರಿ, ಇಡಲಾ?"

"ಬೇಡ. ಚನ್ನಪಟ್ಟಣದವರೆಗೂ ಇರಿ."

"ಅಷ್ಟು ಹೊತ್ತು ಹೇಳೋದಕ್ಕೆ ನಮ್ಮ ಮನೇಲಿ ಏನೇ ನಡೆಯುತ್ತೆ?"

"ಅವರೆಕಾಯಿ ಸುಲೀರಿ. ಎಷ್ಟಾಯ್ತು ಅಂತ ಹೇಳ್ತಾ ಇರಿ."

ಫೋನನ್ನು ಸ್ಪೀಕರಿಗೆ ಹಾಕಿ ಮೊರದ ಪಕ್ಕ ಇಟ್ಟೆ. ರೈಲಿನ ಸದ್ದು ಮನೆಯೊಳಗೆ ತುಂಬಿತು. ಒಂದು ಕಾಯಿ ಬಿಡಿಸಿದೆ. "ನಾಲ್ಕು ಕಾಳು, ಒಂದು ಹುಳುಕು" ಎಂದೆ.